ಮಾಳಿಗೆಯ ಪಾಚಿ: ಉಜ್ಜಿದ್ದು ಎರಡು ದಿನ, ನೀರಿಗೆ ದಾರಿ ಮಾಡಿದ್ದು ಎರಡು ತಿಂಗಳು

ಹೋದ ವರ್ಷ ಆಗಸ್ಟ್‌ನಲ್ಲಿ ಅವ್ವ ಮಾಳಿಗೆಯ ಮೇಲೆ ಜಾರಿ ಬಿದ್ದಳು. ಮಳೆ ಹನಿ ಶುರುವಾಗಿತ್ತು, ಒಣ ಹಾಕಿದ ಬಟ್ಟೆ ತರಲು ಓಡಿದ್ದಳು. ನೀರಿನ ಟ್ಯಾಂಕ್ ಪಕ್ಕ ಕಾಲಿಟ್ಟದ್ದಷ್ಟೇ ನೆನಪು ಅಂದಳು. ಎಡಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿತ್ತು. ಆ ಜಾಗ ನೋಡಲು ಮೇಲೆ ಹೋದಾಗ ಹಸಿರು ಪಾಚಿಯ ನಡುವೆ ಅವಳ ಹಿಮ್ಮಡಿ ಎಳೆದ ಗೆರೆ ಹಾಗೇ ಇತ್ತು. ಮುಂದಿನ ಮಳೆಗಾಲಕ್ಕೆ ಈ ಪಾಚಿ ಇರಬಾರದು ಅಂತ ಅವತ್ತೇ ತೀರ್ಮಾನಿಸಿದೆ. ಈ ವರ್ಷ ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ ಕೆಲಸಕ್ಕೆ ಕೈ ಹಾಕಿದೆ. ಏನು ಮಾಡಿದೆ, ಎಲ್ಲಿ ತಪ್ಪಿದೆ ಅನ್ನುವುದೆಲ್ಲ ಇಲ್ಲಿದೆ.

ಕಲಬುರಗಿಯ ಶಹಾಬಜಾರದಲ್ಲಿ ನಮ್ಮ ಮನೆ. ಅದಕ್ಕೆ ಎರಡು ತರದ ಮಾಳಿಗೆ. ಮುಂದಿನ ಎರಡು ಕೋಣೆ ಅಜ್ಜನ ಕಾಲದವು. ಅವುಗಳ ಮೇಲೆ ಶಹಾಬಾದ್ ಕಲ್ಲು, ಅಂದರೆ ನಾವು ಪರಸಿ ಅನ್ನುವ ಚಪ್ಪಡಿ, ಸುಣ್ಣದ ಗಾರೆಯಲ್ಲಿ ಕೂರಿಸಿದ್ದು. ಹಿಂದಿನ ಭಾಗ ಆಮೇಲೆ ಕಟ್ಟಿದ್ದು, ಆರ್‌ಸಿಸಿ ಸ್ಲ್ಯಾಬ್, ಅಂದರೆ ಒಳಗೆ ಕಬ್ಬಿಣದ ಸರಳು ಇರುವ ಕಾಂಕ್ರೀಟ್. 24 ಅಡಿ ಉದ್ದ, 18 ಅಡಿ ಅಗಲ. ಟ್ಯಾಂಕ್ ಇರುವುದು, ಬಟ್ಟೆ ಒಣ ಹಾಕುವುದು, ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಹರಡುವುದು ಎಲ್ಲ ಈ ಹಿಂದಿನ ಭಾಗದಲ್ಲೇ.

ಕಲಬುರಗಿ ಬಿಸಿಲಿನ ಊರು. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಇಂಥ ಊರಲ್ಲಿ ಪಾಚಿ ಹೇಗೆ ಬದುಕುತ್ತದೆ ಅಂತ ನನಗೂ ಅನಿಸಿತ್ತು. ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ನಮ್ಮ ಮಾಳಿಗೆ ಮೇಲೆ ಇದ್ದದ್ದು ಎರಡು ಬೇರೆ ಬೇರೆ ವಸ್ತು. ಒಂದು, ಮಳೆಗಾಲದಲ್ಲಿ ಮಾತ್ರ ಬರುವ ಹಸಿರು ಲೋಳೆ. ಅದು ನೀರು ನಿಂತಲ್ಲಿ ಬೆಳೆದು ದೀಪಾವಳಿ ಹೊತ್ತಿಗೆ ಒಣಗಿ ಹಪ್ಪಳದ ಹಾಗೆ ಏಳುತ್ತದೆ. ಇನ್ನೊಂದು, ವರ್ಷವಿಡೀ ಕಾಣುವ ಕಪ್ಪು ಪದರ. ಅದನ್ನು ನಾವೆಲ್ಲ ಮಸಿ, ಧೂಳು ಅಂದುಕೊಂಡಿದ್ದೆವು. ಅಲ್ಲ, ಅದೂ ಜೀವ. ಸಯನೋಬ್ಯಾಕ್ಟೀರಿಯಾ ಅನ್ನುತ್ತಾರೆ, ನೀಲಿ ಹಸಿರು ಪಾಚಿ ಅಂತಲೂ ಹೆಸರಿದೆ. ಬಿಸಿಲಿನಿಂದ ಉಳಿಯಲು ಅದು ತನ್ನ ಸುತ್ತ ಕಡುಬಣ್ಣದ ಕವಚ ಮಾಡಿಕೊಳ್ಳುತ್ತದೆ, ಆ ಕಪ್ಪು ಅದರದ್ದೇ. ತಿಂಗಳುಗಟ್ಟಲೆ ಒಣಗಿ ಸತ್ತ ಹಾಗೆ ಬಿದ್ದಿರುತ್ತದೆ, ನೀರು ಬಿದ್ದರೆ ಮತ್ತೆ ಏಳುತ್ತದೆ. ಏಪ್ರಿಲ್‌ನ ಸುಡುಬಿಸಿಲಲ್ಲಿ ಒಂದು ಕಪ್ಪು ಜಾಗದ ಮೇಲೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು ಬೆರಳಿಂದ ಉಜ್ಜಿ ನೋಡಿದೆ. ಮೆತ್ತಗೆ, ಜಾರುವ ಹಾಗೆ ಆಗಿತ್ತು.

ಬಿಸಿಲು ಪಾಚಿಯನ್ನು ಮಲಗಿಸುತ್ತದೆ ಅಷ್ಟೇ. ಅದನ್ನು ಎಬ್ಬಿಸುವುದು ನೀರು.

ಆ್ಯಸಿಡ್‌ನ ಕಥೆ

ಮೊದಲು ಒಂದು ನೋವಿನ ವಿಷಯ. ಅವ್ವ ಬಿದ್ದ ವಾರವೇ ಒಬ್ಬ ಕೆಲಸದವನನ್ನು ಕರೆಸಿದ್ದೆ. ಅವನು ಬಾತ್‌ರೂಮಿಗೆ ಹಾಕುವ ಆ್ಯಸಿಡ್ ತಂದು ಪರಸಿ ಕಲ್ಲಿನ ಮೇಲೆ ಸುರಿದ. ಬಿಳಿ ನೊರೆ ಬಂತು. ಪಾಚಿ ಹೋಯಿತು, ಕಲ್ಲು ಹೊಸದರ ಹಾಗೆ ಕಂಡಿತು. ನಾನೂ ಖುಷಿಪಟ್ಟೆ. ಎರಡು ತಿಂಗಳಲ್ಲಿ ಪಾಚಿ ಮೊದಲಿಗಿಂತ ದಪ್ಪಗೆ ವಾಪಸ್ ಬಂತು.

ಯಾಕೆ ಅಂತ ಗೊತ್ತಾಗಿದ್ದು ಈ ವರ್ಷ, ಗೌಂಡಿ ಕಾಕಾ ಬಂದ ಮೇಲೆ. ನಮ್ಮ ಓಣಿಯ ಅರ್ಧ ಮನೆಗಳನ್ನು ಅವರೇ ಕಟ್ಟಿದ್ದಾರೆ. ಕಲ್ಲಿನ ಮೇಲೆ ಅಂಗೈ ಆಡಿಸಿ ಹೇಳಿದರು: "ಕಲ್ಲಿನ ಮ್ಯಾಲಿನ ನುಣುಪು ತಿಂದಬಿಟ್ಟದ ತಮ್ಮಾ. ಈಗ ಪಾಚಿಗಿ ಹಿಡ್ಕೊಳ್ಳಾಕ ಜಾಗ ಸಿಕ್ಕದ."

ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೇ ಅಲ್ಲಿ ಸುಣ್ಣದ ಕಲ್ಲು ಇರುವುದರಿಂದ. ಆ್ಯಸಿಡ್ ಬಿದ್ದರೆ ಅದು ಕರಗುತ್ತದೆ, ನೊರೆ ಬರುವುದು ಅದಕ್ಕೇ. ಅಂಗಳದಲ್ಲಿ ಬಿದ್ದಿದ್ದ ಒಂದು ಪರಸಿ ತುಂಡಿನ ಮೇಲೆ ನಾಲ್ಕು ಹನಿ ಹಾಕಿ ನೋಡಿದೆ. ಒಣಗಿದ ಮೇಲೆ ಉಗುರು ಆಡಿಸಿದರೆ ಗರಗರ ಅನ್ನುತ್ತಿತ್ತು. ಪಕ್ಕದ ಜಾಗ ನುಣ್ಣಗಿತ್ತು. ಆ ಗರಗರದಲ್ಲಿ ನೀರು ನಿಲ್ಲುತ್ತದೆ, ಧೂಳು ಕೂರುತ್ತದೆ, ಪಾಚಿಗೆ ಮನೆ ಸಿಗುತ್ತದೆ. ಸಿಮೆಂಟ್ ಗಚ್ಚಿಗೂ ಇದೇ ಗತಿ. ಮೇಲಾಗಿ ಆ ಆ್ಯಸಿಡ್‌ನ ಕ್ಲೋರೈಡ್ ಬಿರುಕಿನಲ್ಲಿ ಇಳಿದರೆ ಸ್ಲ್ಯಾಬ್ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಪರಸಿ ಮಾಳಿಗೆ ಇರುವವರು ದಯವಿಟ್ಟು ಆ್ಯಸಿಡ್ ಮುಟ್ಟಬೇಡಿ. ನನ್ನ ಕಲ್ಲು ಇನ್ನು ಮೊದಲಿನ ಹಾಗೆ ಆಗುವುದಿಲ್ಲ.

ಸೀಮೆಸುಣ್ಣದ ನಕ್ಷೆ

ಉಜ್ಜುವ ಮೊದಲು ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕಿತ್ತು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಅಡ್ಡ ಮಳೆ ಚೆನ್ನಾಗಿ ಹೊಡೆಯಿತು. ಬೆಳಿಗ್ಗೆ ಆರಕ್ಕೆ ಮೇಲೆ ಹೋಗಿ ನೀರು ನಿಂತ ಪ್ರತಿ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿದೆ. ಎಂಟಕ್ಕೆ ಮತ್ತೆ, ಹತ್ತಕ್ಕೆ ಮತ್ತೆ. ಗೆರೆ ಒಳಗೆ ಗೆರೆ ಬಿದ್ದು ತೆಗ್ಗಿನ ನಕ್ಷೆ ತಾನೇ ಬಂತು. ಎಲ್ಲಕ್ಕಿಂತ ಒಳಗಿನ ಗೆರೆ ಟ್ಯಾಂಕ್ ಪಕ್ಕ, ಅವ್ವ ಬಿದ್ದ ಜಾಗದಲ್ಲೇ. ಮಳೆ ಬರದಿದ್ದರೆ ನಾಲ್ಕು ಬಕೆಟ್ ನೀರು ಸುರಿದೂ ಇದನ್ನು ಮಾಡಬಹುದು. ಇಡೀ ಕೆಲಸದಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಅತಿ ಜಾಸ್ತಿ ಕಲಿಸಿದ್ದು ಈ ಸೀಮೆಸುಣ್ಣ.

ಆಮೇಲೆ ಕಾಕಾ ಲೆವೆಲ್ ಪೈಪ್ ತಂದರು. ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಮಾಳಿಗೆಗೆ ಕಡಿಮೆ ಅಂದರೂ 100ಕ್ಕೆ 1ರ ಇಳಿಜಾರು ಬೇಕು. 24 ಅಡಿಗೆ ಸುಮಾರು 3 ಇಂಚು. ನಮ್ಮದರಲ್ಲಿ ಇದ್ದದ್ದು ಒಂದೂಕಾಲು ಇಂಚು. ಟ್ಯಾಂಕ್ ಪಕ್ಕ ಮುಕ್ಕಾಲು ಇಂಚಿನ ತೆಗ್ಗು.

ಇನ್ನೂ ಒಂದು ತಪ್ಪು ಸಿಕ್ಕಿತು. ನೀರು ಹೊರಹೋಗುವ ಪೈಪಿನ ಬಾಯಿ ಗಚ್ಚಿಗಿಂತ ಅರ್ಧ ಇಂಚು ಎತ್ತರದಲ್ಲಿತ್ತು. ಪೈಪ್ ಕೂರಿಸುವಾಗ ಸುತ್ತ ಹಾಕಿದ ಸಿಮೆಂಟ್ ದಂಡೆಯ ಹಾಗೆ ಎದ್ದು ನಿಂತಿತ್ತು. ಇಷ್ಟು ವರ್ಷ ಪ್ರತಿ ಮಳೆಗೂ ಅರ್ಧ ಇಂಚು ನೀರು ಅಲ್ಲೇ ಉಳಿಯುತ್ತಿತ್ತು. ಪಕ್ಕದ ಮನೆಯ ಬೇವಿನ ಎಲೆ ಬೇರೆ ಬಂದು ಪೈಪಿನ ಬಾಯಿಗೆ ಕೂರುತ್ತಿತ್ತು. ಕೊಳೆತ ಎಲೆ, ಪಾರಿವಾಳದ ಹಿಕ್ಕೆ, ಧೂಳು, ಇವೇ ಪಾಚಿಗೆ ಗೊಬ್ಬರ.

ಮಳೆ ಇಲ್ಲದ ದಿನವೂ ಟ್ಯಾಂಕ್ ಬುಡ ಯಾವಾಗಲೂ ಹಸಿ ಇರುತ್ತಿತ್ತು. ನಳ ಬಂದ ದಿನ ಮೋಟರ್ ಹಚ್ಚಿ ಮರೆಯುತ್ತಿದ್ದೆವು. ತುಂಬಿದ ಮೇಲೂ ನೀರು ಹರಿದು ಮಾಳಿಗೆ ತೊಯ್ಯುತ್ತಿತ್ತು. ಟ್ಯಾಂಕ್‌ನಿಂದ ಹೊರಬರುವ ಹೆಚ್ಚುವರಿ ನೀರಿಗೆ ಒಂದು ಪೈಪ್ ಜೋಡಿಸಿ ನೇರ ಕೆಳಗಿನ ತೊಟ್ಟಿಗೆ ಬಿಟ್ಟೆ. ಅರ್ಧ ಗಂಟೆ ಕೆಲಸ. ಈಗ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿಯೇ ಮೋಟರ್ ಬಂದ್ ಮಾಡುತ್ತೇವೆ.

ಉಜ್ಜಿದ ಎರಡು ದಿನ

ಮೊದಲ ದಿನ ಒಣ ಕೆಲಸ. ಬೇಸಿಗೆಯಲ್ಲೇ ಮಾಡಬೇಕು, ಯಾಕೆಂದರೆ ಒಣ ಪಾಚಿ ಹಕ್ಕಳೆಯಾಗಿ ಏಳುತ್ತದೆ. ಹಸಿ ಪಾಚಿಯನ್ನು ಕೆರೆದರೆ ಸುಮ್ನೆ ಎಲ್ಲ ಕಡೆ ಮೆತ್ತುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪುಟ್ಟಿ ಬಳಿಯುವ ಅಗಲ ಪಟ್ಟಿಯಿಂದ ಕೆರೆದೆ. ಆಮೇಲೆ ತೊಗರಿ ಕಡ್ಡಿಯ ಪೊರಕೆಯಿಂದ ಗುಡಿಸಿದೆ. ನಮ್ಮ ಕಡೆ ತೊಗರಿಗೆ ಬರವಿಲ್ಲ. ಆ ಕಡ್ಡಿ ಗಟ್ಟಿಯಾಗಿದ್ದರೂ ಕಲ್ಲಿಗೆ ಗೀರು ಬೀಳಿಸುವುದಿಲ್ಲ. ಕಬ್ಬಿಣದ ತಂತಿ ಬ್ರಷ್ ಬೇಡ, ಗೀರೂ ಬೀಳುತ್ತದೆ, ಮುರಿದ ತಂತಿ ಉಳಿದು ತುಕ್ಕಿನ ಕಲೆಯೂ ಆಗುತ್ತದೆ. ಎರಡು ಗೋಣಿಚೀಲ ತುಂಬಿತು. ಹೀಗೆ ಮೊದಲು ಕೆರೆಯದೆ ಮದ್ದು ಹಾಕಿದರೆ ಮೇಲಿನ ಪದರವೇ ಅದನ್ನೆಲ್ಲ ಕುಡಿದುಬಿಡುತ್ತದೆ, ಬುಡಕ್ಕೆ ಮುಟ್ಟುವುದಿಲ್ಲ.

ಪರಸಿ ಕಲ್ಲುಗಳ ಸಂದಿಯಲ್ಲಿ ಒಂದು ಅರಳಿ ಸಸಿ ಗೇಣುದ್ದ ಬೆಳೆದಿತ್ತು. ಅದನ್ನು ಎಳೆದರೆ ಬೇರು ತುಂಡಾಗಿ ಒಳಗೇ ಉಳಿಯುತ್ತದೆ, ಮತ್ತೆ ಚಿಗುರುತ್ತದೆ. ಸಂದಿಯ ಹಳೆ ಗಾರೆ ಬಿಡಿಸಿ ಬೇರು ಪೂರ್ತಿ ತೆಗೆಯಲು ಎರಡು ಗಂಟೆ ಹಿಡಿಯಿತು.

ಮರುದಿನ ಸಂಜೆ ಬ್ಲೀಚಿಂಗ್ ಪೌಡರ್. ಸಂಜೆಯೇ ಯಾಕೆ? ಬಿಸಿಲಿಗೆ ಕ್ಲೋರಿನ್ ಬೇಗ ಹಾಳಾಗುತ್ತದೆ, ಬಿಸಿ ಗಚ್ಚಿನ ಮೇಲೆ ನೀರೂ ನಿಲ್ಲದೆ ಆರುತ್ತದೆ. 10 ಲೀಟರ್ ನೀರಿಗೆ 300 ಗ್ರಾಂ ಪುಡಿ. ಒಳ್ಳೆಯ ಪುಡಿಯಲ್ಲಿ ಶೇ 30ರಷ್ಟು ಕ್ಲೋರಿನ್ ಇರುತ್ತದೆ, ಹಾಗಾಗಿ ನೀರಿನಲ್ಲಿ ಹೆಚ್ಚುಕಡಿಮೆ ಶೇ 1 ಆಗುತ್ತದೆ. ಬಾಯಿ ಬಿಚ್ಚಿಟ್ಟ ಹಳೆ ಪೊಟ್ಟಣ ತರಬೇಡಿ, ಗಾಳಿಯ ತೇವಕ್ಕೆ ಅದರ ಶಕ್ತಿ ಹೋಗಿರುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟೆ. ಬಿಳಿ ಗಷ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರು ಮಾತ್ರ ತೆಗೆದುಕೊಂಡೆ. ಗಷ್ಟು ಹಾಕಿದರೆ ಕಲ್ಲಿನ ಮೇಲೆ ಬಿಳಿ ಮಚ್ಚೆ ಉಳಿಯುತ್ತದೆ.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮೈಗೆ ಹಳೆ ಅಂಗಿ. ತುಳಸಿ ಕುಂಡವನ್ನು ಕೆಳಗಿಳಿಸಿದೆ. ಟ್ಯಾಂಕ್ ಮುಚ್ಚಳ ಬಿಗಿ ಮಾಡಿದೆ. ಗಚ್ಚನ್ನು ಮೊದಲು ಬರೀ ನೀರಿನಿಂದ ತೋಯಿಸಿ ಆಮೇಲೆ ಬ್ಲೀಚಿಂಗ್ ನೀರು ಚೆಲ್ಲಿ ಪೊರಕೆಯಿಂದ ಹರಡಿದೆ. 20 ನಿಮಿಷ ಆರದ ಹಾಗೆ ನೋಡಿಕೊಂಡೆ. ಕಪ್ಪು ಮೊದಲು ಕಂದಾಯಿತು, ಆಮೇಲೆ ಬೂದು. ಉಜ್ಜಿ, ಮೂರು ಸಲ ಧಾರಾಳ ನೀರಲ್ಲಿ ತೊಳೆದೆ. ಈ ತೊಳೆಯುವುದನ್ನು ಕಡಿಮೆ ಮಾಡಬಾರದು. ಕ್ಲೋರೈಡ್ ಉಳಿದರೆ ಸ್ಲ್ಯಾಬಿನ ಕಬ್ಬಿಣಕ್ಕೆ ಒಳ್ಳೆಯದಲ್ಲ ಅಂತ ಆಗಲೇ ಹೇಳಿದೆನಲ್ಲ. ಒಟ್ಟು ನಾಲ್ಕು ಬಕೆಟ್ ಹಿಂದಿನ ಭಾಗಕ್ಕೆ, ಎರಡು ಪರಸಿಗೆ. ಬ್ಲೀಚಿಂಗ್ ನೀರು ಸುಣ್ಣದ ಕಲ್ಲನ್ನು ಕರಗಿಸುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಎರಡನ್ನೂ ಎಂದಿಗೂ ಕೂಡಿಸಬೇಡಿ. ಒಂದು ಹಾಕಿದ ಜಾಗಕ್ಕೆ ಅದೇ ದಿನ ಇನ್ನೊಂದನ್ನು ಹಾಕಲೂಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಅದು ಶ್ವಾಸಕೋಶ ಸುಡುತ್ತದೆ, ಜೀವಕ್ಕೂ ಅಪಾಯ.

ಗಾಡಿ ತೊಳೆಯುವ ಪ್ರೆಷರ್ ಮಷಿನ್ ತರಲು ಗೆಳೆಯರು ಹೇಳಿದರು. ಬೇಡ ಅಂದೆ. ಹಳೆ ಸುಣ್ಣದ ಸಂದಿಗೆ ಆ ರಭಸ ತಡೆಯುವ ಶಕ್ತಿ ಇಲ್ಲ. ಮೈಲುತುತ್ತವನ್ನೂ ಬೇಡ ಅಂದೆ. ಅದು ಪಾಚಿ ಕೊಲ್ಲುತ್ತದೆ ನಿಜ. ಆದರೆ ವಿಷ, ಮತ್ತು ನಾವು ತಿನ್ನುವ ಶಾವಿಗೆ, ಮೆಣಸಿನಕಾಯಿ ಒಣಗುವುದು ಇದೇ ಗಚ್ಚಿನ ಮೇಲೆ. ಪ್ಯಾರಾಪೆಟ್ ಗೋಡೆಯ ಹೊರಮೈಯಲ್ಲಿ ಬೂದು, ಹಳದಿ ಬಣ್ಣದ ಕಲ್ಲುಹೂವಿನ ಮಚ್ಚೆಗಳಿದ್ದವು. ಅವುಗಳನ್ನು ಹಾಗೇ ಬಿಟ್ಟೆ. ಅಲ್ಲಿ ಯಾರೂ ಕಾಲಿಡುವುದಿಲ್ಲ, ನೋಡಲೂ ಚೆಂದ.

ತೆಗ್ಗಿನ ರಿಪೇರಿ

ಇಡೀ ಮಾಳಿಗೆಗೆ ಹೊಸ ಇಳಿಜಾರು ಹಾಕಿಸೋಣ ಅಂತ ನಾನು. ಕಾಕಾ ಲೆಕ್ಕ ಹೇಳಿದರು. 432 ಚದರ ಅಡಿಗೆ ಸರಾಸರಿ ಒಂದಿಂಚು ಗಚ್ಚು ಅಂದರೆ 36 ಘನ ಅಡಿ. ತೂಕ ಎರಡು ಟನ್‌ಗಿಂತ ಜಾಸ್ತಿ. ಹಳೆ ಸ್ಲ್ಯಾಬ್ ಮೇಲೆ ಅಷ್ಟು ಭಾರ ಹೇರಲು ಅವರು ಒಪ್ಪಲಿಲ್ಲ.

"ತೆಗ್ಗು ಎಲ್ಲಿ ಅದಾ, ಅಲ್ಲೇ ನೀರಿಗಿ ಬಾಗಿಲ ಮಾಡು. 24 ಫೂಟ್ ಯಾಕ ಎಳಕೊಂಡು ಹೋಗ್ತಿ?" ಅಂದರು.

ನನಗೆ ಇದು ಹೊಳೆದೇ ಇರಲಿಲ್ಲ. ಟ್ಯಾಂಕ್ ಪಕ್ಕದ ತೆಗ್ಗಿನಿಂದ ಪ್ಯಾರಾಪೆಟ್‌ಗೆ ನಾಲ್ಕೇ ಅಡಿ. ಅಲ್ಲಿ ಗೋಡೆ ಕೊರೆದು ಹೊಸ ಪೈಪ್ ಹಾಕಿದರೆ, ತೆಗ್ಗನ್ನು ಅತ್ತ ಇಳಿಜಾರು ಬರುವಷ್ಟು ಮಾತ್ರ ತುಂಬಿದರೆ ಸಾಕು. ಕೋಟೆಯೊಳಗಿನ ಜಾಮಿ ಮಸೀದಿ ನೆನಪಾಯಿತು. 1367ರ ಕಟ್ಟಡ, ತೆರೆದ ಅಂಗಳವೇ ಇಲ್ಲ, ಮೇಲೆಲ್ಲ ಗುಮ್ಮಟಗಳು. ಗುಮ್ಮಟದ ಮೇಲೆ ಬಿದ್ದ ಹನಿಗೆ ನಿಲ್ಲಲು ಜಾಗವೇ ಇಲ್ಲ ಅಲ್ವಾ? ಚಪ್ಪಟೆ ಮಾಳಿಗೆಯ ನಾವೇ ನೀರಿನ ದಾರಿ ಬಗ್ಗೆ ಜಾಸ್ತಿ ಯೋಚನೆ ಮಾಡಬೇಕು.

4 ಇಂಚಿನ ಪಿವಿಸಿ ಪೈಪ್ ಕೂರಿಸಿದೆವು. ಅದರ ಬಾಯಿ ಗಚ್ಚಿಗಿಂತ ಕಾಲು ಇಂಚು ಕೆಳಗೆ. ಹೊರಗೆ ಒಂದಡಿ ಮುಂದೆ ಚಾಚಿ, ಕೆಳಮುಖ ಮಾಡಿ ನಮ್ಮದೇ ಅಂಗಳಕ್ಕೆ ಬಿಟ್ಟೆವು. ಹಳೆ ಪೈಪಿನ ಬಾಯಿ ಸುತ್ತಲಿನ ದಂಡೆಯನ್ನೂ ಒಡೆದು ತಗ್ಗಿಸಿದೆವು. ಎರಡಕ್ಕೂ ಎಲೆ ತಡೆಯುವ ಜಾಳಿಗೆ.

ತೆಗ್ಗು ತುಂಬುವಾಗ ನಾನೊಂದು ತಪ್ಪು ಮಾಡಿದೆ. ಕಾಕಾ ಬೇರೆ ಕೆಲಸದಲ್ಲಿದ್ದರು. ಮೇ ತಿಂಗಳ ಒಂದು ಬೆಳಿಗ್ಗೆ 11ಕ್ಕೆ ನಾನೇ ಸಿಮೆಂಟ್, ಉಸುಕು ಕಲಸಿ ತುಂಬಿದೆ. ಅಂಚನ್ನು ತೆಳ್ಳಗೆ ಎಳೆದು ಹಳೆ ಗಚ್ಚಿಗೆ ಕೂಡಿಸಿದೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಬೆಂದ ರೊಟ್ಟಿಯ ಹಾಗೆ ಬಿರುಕು. ಎರಡನೇ ದಿನ ತೆಳು ಅಂಚು ಕೈಯಿಂದಲೇ ಎದ್ದು ಬಂತು. ಎಲ್ಲ ಕಿತ್ತು ತೆಗೆದೆ.

ಎರಡನೇ ಸಲ ಕಾಕಾ ಜೊತೆಗಿದ್ದರು. ತೆಗ್ಗಿನ ಸುತ್ತ ಅಂಚನ್ನು ಉಳಿಯಿಂದ ನೇರ ಕಡಿದರು, ಎಲ್ಲೂ ಅರ್ಧ ಇಂಚಿಗಿಂತ ತೆಳು ಆಗದ ಹಾಗೆ. ತಳವನ್ನು ಒರಟು ಮಾಡಿ, ತೊಳೆದು, ಹಿಂದಿನ ರಾತ್ರಿಯೇ ನೀರು ಕುಡಿಸಿದೆವು. ಸಂಜೆ ಐದೂವರೆಗೆ ಸಿಮೆಂಟ್ ಹಾಲು ಬಳಿದು, ಅದು ಆರುವ ಮೊದಲೇ ಒಂದು ಪಾಲು ಸಿಮೆಂಟ್‌ಗೆ ಮೂರು ಪಾಲು ಉಸುಕಿನ ಗಾರೆ ತುಂಬಿದೆವು. ಗಾರೆಗೆ ವಾಟರ್‌ಪ್ರೂಫಿಂಗ್ ಲ್ಯಾಟೆಕ್ಸ್ ಬೆರೆಸಿದ್ದೆವು. ಕರಣೆಯಿಂದ ಅದುಮಿ ನುಣುಪು ಮಾಡಿ ರಾತ್ರಿಗೆ ಒದ್ದೆ ಗೋಣಿಚೀಲ ಹೊದಿಸಿದೆವು. ಏಳು ದಿನ ಅವು ಆರದ ಹಾಗೆ ಅವ್ವನೇ ನೋಡಿಕೊಂಡಳು. "ಹಸಿ ಗಚ್ಚು ಬಾಣಂತಿ ಇದ್ದಂಗ, ಬಿಸಿಲು ಗಾಳಿ ಬಡೀಬಾರದು" ಅನ್ನುತ್ತ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುತ್ತಿದ್ದಳು. ಒಂದು ಬಿರುಕೂ ಬರಲಿಲ್ಲ.

ಪರಸಿ ಸಂದಿಗಳಿಗೆ ಸಿಮೆಂಟ್ ಬೇಡ ಅಂದರು ಕಾಕಾ. ಸುಣ್ಣದ ಗಾರೆಗಿಂತ ಸಿಮೆಂಟ್ ಗಡುಸು, ಬಿಸಿಲಿಗೆ ಕಲ್ಲು ಹಿಗ್ಗಿ ಕುಗ್ಗುವಾಗ ಸಂದಿ ಬಿಟ್ಟುಕೊಳ್ಳುತ್ತದೆ. ಸುಣ್ಣ, ಉಸುಕು, ಇಟ್ಟಿಗೆ ಪುಡಿ ಕೂಡಿಸಿ ತುಂಬಿದರು. ಹಿಂದೆ ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದರು ಅಂತ ಕೆಲಸ ಮಾಡುತ್ತಲೇ ಹೇಳಿದರು.

ಮಿರಗಕ್ಕೆ ಮೊದಲು ಸುಣ್ಣ

ಕೊನೆಯ ಕೆಲಸ ಸುಣ್ಣ ಬಳಿಯುವುದು, ಸಿಮೆಂಟ್ ಭಾಗಕ್ಕೆ ಮಾತ್ರ. ಹೊಸ ಸುಣ್ಣದ ಕ್ಷಾರ ಎಷ್ಟು ಜೋರು ಅಂದರೆ ಪಾಚಿ ಅದರ ಮೇಲೆ ನೆಲೆ ನಿಲ್ಲುವುದು ಕಷ್ಟ. ಬಿಸಿಲನ್ನೂ ತಿರುಗಿಸಿ ಕಳಿಸುತ್ತದೆ, ಕೆಳಗಿನ ಕೋಣೆ ತಂಪು. 10 ಕೆಜಿ ಸುಟ್ಟ ಸುಣ್ಣದ ಹರಳನ್ನು ಹಿಂದಿನ ದಿನವೇ ನೀರಿಗೆ ಸ್ವಲ್ಪ ಸ್ವಲ್ಪ ಹಾಕಿದೆ. ಕೊತಕೊತ ಕುದಿಯುತ್ತದೆ, ಮುಖ ದೂರ ಇರಲಿ, ಮಕ್ಕಳು ಇನ್ನೂ ದೂರ. ಮರುದಿನ ಬಟ್ಟೆಯಲ್ಲಿ ಸೋಸಿ, ಕಾಲು ಕೆಜಿ ಅಂಟು ಬೆರೆಸಿ ಎರಡು ಕೈ ಬಳಿದೆ. ಕೆಲವರು ಉಪ್ಪು ಹಾಕುತ್ತಾರೆ. ಕಬ್ಬಿಣ ಇರುವ ಸ್ಲ್ಯಾಬ್ ಮೇಲೆ ಅದು ಬೇಡ. ಗಾಳಿ ತಾಗುತ್ತ ಸುಣ್ಣ ತನ್ನ ಕ್ಷಾರ ಕಳೆದುಕೊಳ್ಳುತ್ತದೆ, ಹಾಗಾಗಿ ಪ್ರತಿ ವರ್ಷ ಮಿರಗ, ಅಂದರೆ ಜೂನ್‌ನ ಮೃಗಶಿರ ಮಳೆ, ಕೂಡುವ ಮೊದಲು ಮತ್ತೆ ಬಳಿಯಬೇಕು.

ಮೆಟ್ಟಿಲ ಕೋಣೆಯ ಮೇಲೆ ಎರಡು ವರ್ಷದ ಹಿಂದೆ ಸತುವಿನ ಲೇಪದ ಹೊಸ ತಗಡು ಹಾಕಿಸಿದ್ದೆವು. ಅದರ ನೀರು ತೊಟ್ಟಿಕ್ಕುವ ಸಾಲಿನಲ್ಲಿ ಮೊದಲಿನಿಂದಲೂ ಕಪ್ಪು ಇರಲಿಲ್ಲ, ಅಂಗೈ ಅಗಲದ ಬಿಳಿ ಪಟ್ಟಿ. ನೀರಿನ ಜೊತೆ ಚೂರು ಚೂರು ಸತು ಇಳಿಯುತ್ತದೆ, ಪಾಚಿಗೆ ಅದು ಆಗಿಬರುವುದಿಲ್ಲ. ಇಳಿಜಾರು ಚಾವಣಿಯ ದೇಶಗಳಲ್ಲಿ ಸತು, ತಾಮ್ರದ ಪಟ್ಟಿಯನ್ನು ನೆತ್ತಿಗೆ ಹೊಡೆಯುವುದು ಇದೇ ಕಾರಣಕ್ಕೆ. ನಮ್ಮ ಚಪ್ಪಟೆ ಮಾಳಿಗೆಯಲ್ಲಿ ನೀರು ಹಾಗೆ ಒಂದೇ ಸಮ ಹರಿಯುವುದಿಲ್ಲ. ಅದಕ್ಕೆ ನಾನು ಆ ದಾರಿ ಹಿಡಿಯಲಿಲ್ಲ.

ಮಳೆ ಬಂದ ಮೇಲೆ

ಜೂನ್‌ನ ಮೊದಲ ದೊಡ್ಡ ಮಳೆ ರಾತ್ರಿ ಬಂತು. ಟಾರ್ಚ್ ಹಿಡಿದು ಮೇಲೆ ಹೋದೆ. ಹೊಸ ಪೈಪಿನಿಂದ ನೀರು ಧೋ ಅಂತ ಬೀಳುತ್ತಿತ್ತು. ಬೆಳಿಗ್ಗೆ ಏಳಕ್ಕೆ ಟ್ಯಾಂಕ್ ಪಕ್ಕ ಒಣಗಿತ್ತು. ಜುಲೈ ಪೂರ್ತಿ ಹಸಿರು ಕಾಣಲಿಲ್ಲ. ಪ್ರತಿ ಭಾನುವಾರ ಜಾಳಿಗೆಯ ಬೇವಿನ ಎಲೆ ತೆಗೆಯುತ್ತೇನೆ, ಐದು ನಿಮಿಷದ ಕೆಲಸ. ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಬಿಡದೆ ಹೊಡೆದಾಗ ಆ್ಯಸಿಡ್ ತಿಂದ ಪರಸಿಯ ಮೇಲೆ ತೆಳು ಹಸಿರು ಬಂತು. ಬರೀ ನೀರು, ಪೊರಕೆಗೆ ಹೋಯಿತು. ಆ ಕಲ್ಲುಗಳನ್ನು ವರ್ಷಕ್ಕೆ ಎರಡು ಸಲ ಉಜ್ಜಬೇಕಾಗುತ್ತದೆ ಅನಿಸುತ್ತದೆ.

ಮೆಟ್ಟಿಲು ಮುಗಿಯುವ ಮೂಲೆಯಲ್ಲಿ ಇನ್ನೂ ತಟ್ಟೆಯಷ್ಟು ಜಾಗದಲ್ಲಿ ನೀರು ನಿಲ್ಲುತ್ತದೆ. ಏಪ್ರಿಲ್‌ನ ನಕ್ಷೆಯಲ್ಲೂ ಅದು ಇತ್ತು, ಚಿಕ್ಕದು ಅಂತ ಬಿಟ್ಟಿದ್ದೆ. ಈಗ ಅಲ್ಲಿ ಹಸಿರು ಕೂತಿದೆ. ಸದ್ಯಕ್ಕೆ ಅದರ ಮೇಲೆ ಒಂದು ಒರಟು ಕಲ್ಲು ಇಟ್ಟಿದ್ದೇನೆ, ಅವ್ವ ಆ ಕಡೆ ಕಾಲಿಡದಿರಲಿ ಅಂತ. ದೀಪಾವಳಿ ಆದ ಮೇಲೆ ಒಡೆದು ತುಂಬಬೇಕು. ಸಂಜೆ ಐದೂವರೆಗೇ ಬರಲು ಕಾಕಾಗೆ ಹೇಳಿಟ್ಟಿದ್ದೇನೆ.